ಅಳೆಯುವ ಟೇಪನ್ನೇ ಅಳೆದ ಕಥೆ

"ಮುಂಜಾನೆಯಿಂದ ಆ ಲ್ಯಾಪ್‌ಟಾಪಿನ ಮುಂದ ಕುಂತೀಯಲ್ಲ, ಏನ ಮಾಡಾಕತ್ತೀಯೋ ಮಗನ?" ಚಹಾದ ಕಪ್ಪು ಇಡುತ್ತ ಅವ್ವ ಕೇಳಿದಳು.

"ಬ್ಯಾರೇದವ್ರು ಬರದ ಪ್ರೋಗ್ರಾಮಿನ್ಯಾಗ ತಪ್ಪು ಹುಡುಕಾಕ ಒಂದು ಸಾಧನ ಐತವ್ವ. ಈಗ ಆ ಸಾಧನದಾಗ ತಪ್ಪು ಬಂದೈತಿ. ಅದನ್ನ ಹುಡುಕಾಕತ್ತೀನಿ."

ಅವ್ವ ಒಂದು ಗಳಿಗೆ ಸುಮ್ಮನಿದ್ದು, "ಅಂದ್ರ ಡಾಕ್ಟರಗ ಜ್ವರಾ ಬಂದಂಗಾತು ಅನ್ನು" ಅಂದಳು.

ಹದಿನಾಲ್ಕು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ನನ್ನ ಕೆಲಸವನ್ನು ಇಷ್ಟು ಸಲೀಸಾಗಿ ಯಾರೂ ಹೇಳಿರಲಿಲ್ಲ. ಆದರೆ ಆ ಜ್ವರ ಬಂದದ್ದು ನನ್ನ ಕೈಯಿಂದಲೇ, ಅದರಿಂದ ಒಬ್ಬ ಹುಡುಗಿಯ ನೌಕರಿಗೇ ಕುತ್ತು ಬಂದಿತ್ತು ಅನ್ನುವುದನ್ನು ಅವತ್ತು ಅವ್ವನಿಗೆ ಹೇಳಲಿಲ್ಲ. ಇವತ್ತು ನಿಮ್ಮೆದುರು ಹೇಳುತ್ತಿದ್ದೇನೆ.

ನಮ್ಮೂರು ಜುಗೂಳ. ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿನಲ್ಲಿ, ಕೃಷ್ಣಾ ಹೊಳೆಯ ದಂಡೆಗೆ ಇದೆ. ಹೊಳೆಯಾಚೆ ಮಹಾರಾಷ್ಟ್ರದ ಖಿದ್ರಾಪುರ, ಅಲ್ಲಿನ ಕೋಪೇಶ್ವರ ಗುಡಿ. ಇಲ್ಲಿ ಕಬ್ಬು ಜಾಸ್ತಿ, ಮಳೆಗಾಲದಲ್ಲಿ ಹೊಳೆಯ ಭಯವೂ ಜಾಸ್ತಿ. ಹೋದ ಮಳೆಗಾಲದಲ್ಲಿ ಅಪ್ಪನಿಗೆ ಮೈ ಸರಿಯಿಲ್ಲವೆಂದು ಎರಡು ತಿಂಗಳು ಊರಿಂದಲೇ ಕೆಲಸ ಮಾಡಿದೆ. ನಮ್ಮ ಆಫೀಸು ಬೆಂಗಳೂರಿನಲ್ಲಿ. ಅಲ್ಲಿ ನಾವು ನಾಲ್ಕು ಮಂದಿ ಸೇರಿ ಒಂದು ಡಿಬಗ್ಗರ್ ನೋಡಿಕೊಳ್ಳುತ್ತೇವೆ.

ಡಿಬಗ್ಗರ್ ಅಂದರೇನು?

ಪ್ರೋಗ್ರಾಂ ಓಡುತ್ತಿರುವಾಗ ಅದರ ಒಳಗೆ ಇಣುಕಿ ನೋಡುವ ಸಾಧನವೇ ಡಿಬಗ್ಗರ್. ಬೇಕಾದ ಕಡೆ ಪ್ರೋಗ್ರಾಮನ್ನು ತಡೆದು ನಿಲ್ಲಿಸಬಹುದು. ಈಗ ಯಾವ ಲೆಕ್ಕ ನಡೆದಿದೆ, ಯಾವ ಸಂಖ್ಯೆ ಎಷ್ಟಾಗಿದೆ ಎಂದು ನೋಡಬಹುದು. ಈ ಜಾತಿಯ ಸಾಧನಗಳಲ್ಲಿ ಹೆಸರುವಾಸಿಯಾದದ್ದು ಜಿಡಿಬಿ. ರಿಚರ್ಡ್ ಸ್ಟಾಲ್‌ಮನ್ ಅದನ್ನು 1986ರಲ್ಲಿ ಬರೆದರು. ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದಾದ ಆ ಸಾಧನ ಇವತ್ತಿಗೂ ಜೀವಂತವಾಗಿದೆ. ನಮ್ಮದು ಅದಕ್ಕಿಂತ ಬಹಳ ಚಿಕ್ಕದು. ಸಣ್ಣಪುಟ್ಟ ಯಂತ್ರಗಳ ಒಳಗಿನ ಬೋರ್ಡುಗಳಿಗೆ ಕೇಬಲ್ ಜೋಡಿಸಿ ನೋಡುವಂಥದ್ದು.

ನಮ್ಮ ಆಫೀಸಿನ ಇನ್ನೊಂದು ತಂಡ ನೀರಾವರಿ ಪಂಪಿಗೆ ಕೂರಿಸುವ ಕಂಟ್ರೋಲರ್ ತಯಾರಿಸುತ್ತಿತ್ತು. ಬಾವಿಯಲ್ಲಿ ನೀರು ತೀರಿದರೆ ಮೋಟರು ತಾನಾಗಿ ಬಂದ್ ಆಗಬೇಕು. ನೀರಿಲ್ಲದೆ ಪಂಪು ಒಣಗಿ ತಿರುಗಿದರೆ ಏನಾಗುತ್ತದೆಂದು ನಮ್ಮ ಕಡೆಯ ರೈತರಿಗೆ ಹೇಳಬೇಕಾಗಿಲ್ಲ. ನೀರು ಎತ್ತುವ ಭಾರವಿಲ್ಲದಾಗ ಮೋಟರು ಎಳೆಯುವ ಕರೆಂಟ್ ಕಡಿಮೆಯಾಗುತ್ತದೆ. ಕಂಟ್ರೋಲರು ಆ ಇಳಿಕೆಯನ್ನು ಗುರುತಿಸಿ ಮೋಟರ್ ನಿಲ್ಲಿಸಬೇಕು. ಈ ಲೆಕ್ಕ ಬರೆಯುವ ಜವಾಬ್ದಾರಿ ಕೆಲಸಕ್ಕೆ ಸೇರಿ ವರ್ಷವೂ ತುಂಬದ ಹುಡುಗಿಯೊಬ್ಬಳದು.

"ನಿಮ್ಮ ಕೋಡ್ ನೋಡಿಕೊಳ್ಳಿ"

ಅವಳು ನನಗೆ ಮೊದಲ ಮೇಲ್ ಕಳಿಸಿದ್ದು ಹೀಗೆ: "ಸರ್, ನೀರು ಬಂದ್ ಮಾಡಿದ್ರೂ ಡಿಬಗ್ಗರ್‌ನಲ್ಲಿ ಕರೆಂಟ್ 8 ಅಂತಲೇ ತೋರಿಸ್ತಿದೆ. ಒಮ್ಮೆ ನೋಡ್ತೀರಾ?"

ನೋಡಿದೆ. ನನ್ನ ಬಳಿ ಇದ್ದ ಬೋರ್ಡಿಗೆ ಜೋಡಿಸಿದರೆ ಎಲ್ಲಾ ಸರಿಯಾಗಿತ್ತು. ಹಾಗೇ ಬರೆದೆ. ನಾಲ್ಕು ದಿನ ಬಿಟ್ಟು ಮತ್ತೆ ಮೇಲ್, ಮತ್ತೆ ಅದೇ ಉತ್ತರ. ಮೂರನೇ ಸಲ ಅವಳು ಮೀಟಿಂಗಿನಲ್ಲಿ ಕೇಳಿದಾಗ ಹತ್ತು ಹನ್ನೆರಡು ಮಂದಿ ಕೂತಿದ್ದರು. "ಸಾಧನವನ್ನು ದೂರುವ ಮೊದಲು ನಿಮ್ಮ ಕೋಡ್ ನೋಡಿಕೊಳ್ಳಿ" ಅಂದೆ. ಜೋರಾಗಿ ಹೇಳಲಿಲ್ಲ, ನಿಜ. ಆದರೆ ಹದಿನಾಲ್ಕು ವರ್ಷದ ಅನುಭವದವನು ಮೆಲ್ಲಗೆ ಹೇಳಿದರೂ ಅದು ತೀರ್ಪಿನ ಹಾಗೇ ಕೇಳುತ್ತದೆ.

ಮುಂದಾದದ್ದು ಇನ್ನೂ ಕೆಟ್ಟದ್ದು. ಅವಳು ತನ್ನ ಲೆಕ್ಕವೇ ತಪ್ಪಿರಬೇಕೆಂದು ನಂಬಿ, ಡಿಬಗ್ಗರ್ ತೋರಿಸುವ ಸಂಖ್ಯೆಗೆ ಸರಿಹೊಂದುವಂತೆ ಅದನ್ನು ತಿದ್ದತೊಡಗಿದಳು. ಸರಿಯಾಗಿದ್ದುದನ್ನು ತಿದ್ದಿ ತಿದ್ದಿ ಕೆಡಿಸಿದಳು. ಒಂದು ದಿನ ಪರೀಕ್ಷೆಗೆಂದು ಜೋಡಿಸಿದ್ದ ಪಂಪು ನೀರಿಲ್ಲದೆ ಓಡುತ್ತಲೇ ಹೋಗಿ ಮೋಟರು ಸುಟ್ಟಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅವಳ ನೌಕರಿ ಕಾಯಂ ಮಾಡುವ ಪತ್ರವನ್ನು ಮೇಲಿನವರು ತಡೆಹಿಡಿದರು.

ಅದಾದ ಎರಡನೇ ದಿನ ರಾತ್ರಿ ಹನ್ನೊಂದರ ಸುಮಾರಿಗೆ ನನ್ನ ಫೋನಿಗೆ ಒಂದು ವಿಡಿಯೊ ಬಂತು. ಊರಲ್ಲಿ ಕರೆಂಟ್ ಹೋಗಿತ್ತು. ಕಟ್ಟೆಯ ಮೇಲೆ ಕತ್ತಲಲ್ಲಿ ಕೂತು ನೋಡಿದೆ. ಅವಳು ತನ್ನ ಹಳೆಯ ಲೆಕ್ಕವನ್ನೇ ಮತ್ತೆ ಹಾಕಿ, ಬೋರ್ಡಿಗೆ ಒಂದು ಸಣ್ಣ ಎಲ್‌ಇಡಿ ದೀಪ ಜೋಡಿಸಿದ್ದಳು. ಕರೆಂಟ್ ಇಳಿದ ಕೂಡಲೇ ದೀಪ ಮಿಣುಕಬೇಕು. ಅದಕ್ಕೆ ಡಿಬಗ್ಗರಿನ ಹಂಗೇ ಇಲ್ಲ. ನೀರು ಬಂದ್ ಮಾಡಿದಳು. ದೀಪ ಮಿಣುಕಿತು. ಪಕ್ಕದ ಪರದೆಯಲ್ಲಿ ನಮ್ಮ ಡಿಬಗ್ಗರ್ ಮಾತ್ರ ಇನ್ನೂ 8 ಅನ್ನುತ್ತಿತ್ತು.

ಕೆಳಗೆ ಒಂದೇ ಸಾಲು: "ಸರ್, ಎರಡರಲ್ಲಿ ಒಂದು ಸುಳ್ಳು ಹೇಳ್ತಿದೆ."

ಅಪ್ಪನ ಟೇಪು

ಅವತ್ತು ರಾತ್ರಿ ನನಗೆ 2019ರ ಮಹಾಪೂರ ನೆನಪಾಯಿತು. ಆ ಆಗಸ್ಟಿನಲ್ಲಿ ಹೊಳೆ ಹೊಲಕ್ಕೆ ನುಗ್ಗಿ ಇಳಿದ ಮೇಲೆ ನಮ್ಮ ಹಾಗೂ ಬಾಜೂ ಹೊಲದವರ ನಡುವಿನ ಗಡಿಕಲ್ಲು ರೇವೆ ಮಣ್ಣಿನಲ್ಲಿ ಹೂತುಹೋಗಿತ್ತು. ಅವರ ಹೊಲದ ಆಚೆ ತುದಿಯ ಕಲ್ಲು ಉಳಿದಿತ್ತು. ಅಪ್ಪ ಮನೆಯಲ್ಲಿದ್ದ 100 ಅಡಿಯ ಹಳೇ ಬಟ್ಟೆ ಟೇಪು ಒಯ್ದು, ಆ ಕಲ್ಲಿನಿಂದ ಮೂರು ಸಲ ಹಾಸಿ 300 ಅಡಿ ಅಳೆದು ಗುರುತು ಹಾಕಿದ.

"ಮೂರು ಫೂಟ ನಮ್ಮ ಹೊಲದಾಗ ಬಂದೀರಿ" ಅಂತ ಬಾಜೂದವರು ತಕರಾರು ತೆಗೆದರು. "ನಿಮ್ಮ ಕಣ್ಣಮುಂದ ಅಳದೇನಿ" ಅಂತ ಅಪ್ಪ. ಹದಿನೈದು ದಿನ ಎರಡೂ ಮನೆಯವರಿಗೆ ಮಾತಿಲ್ಲ. ಕೊನೆಗೆ ಅವರು ಹೊಸ ಟೇಪು ತಂದು ನಮ್ಮದರ ಬಾಜೂ ಹಾಸಿದರು. ನಮ್ಮ ಟೇಪಿನ ತುದಿ ಯಾವಾಗಲೋ ಹರಿದು, ಯಾರೋ ಕೊಂಡಿಯನ್ನು ಒಂದು ಅಡಿ ಒಳಗೆ ಹೊಲಿದಿದ್ದರು. ಒಂದು ಹಾಸಿಗೆ ಒಂದು ಅಡಿ ಕಮ್ಮಿ. ಮೂರು ಹಾಸಿಗೆ ಮೂರು ಅಡಿ.

ಅಪ್ಪ ಅವತ್ತೇ ಸಂಜೆ ಅವರ ಮನೆಗೆ ಹೋಗಿ, "ಅಣ್ಣಾ, ಟೇಪು ತಪ್ಪಿತ್ತು. ಟೇಪು ನಂದು, ಅದಕ್ಕ ತಪ್ಪೂ ನಂದ" ಅಂದ. ಗುರುತು ಕಿತ್ತು ಸರಿಯಾದ ಜಾಗದಲ್ಲಿ ನೆಟ್ಟರು.

ನಾನೂ ಅದನ್ನೇ ಮಾಡಿದ್ದೆ. ಅಳತೆ ನೋಡಿದೆ, ಟೇಪು ನೋಡಲಿಲ್ಲ.

ಮೆಮೊರಿಯೂ ಒಂದು ಹೊಲ

ಏನು ತಪ್ಪಾಗಿತ್ತೆಂದು ತಿಳಿಯಬೇಕಾದರೆ ಕಂಪ್ಯೂಟರಿನ ಮೆಮೊರಿಯನ್ನು ಒಂದು ದೊಡ್ಡ ಹೊಲವೆಂದು ತಿಳಿಯಿರಿ. ಪ್ರೋಗ್ರಾಮಿಗೆ ಏನಾದರೂ ಬರೆದಿಡಬೇಕಾದಾಗ ಒಂದು ತುಂಡನ್ನು ಲಾವಣಿಗೆ ಪಡೆಯುತ್ತದೆ. ಕೆಲಸ ಮುಗಿದ ಮೇಲೆ ಬಿಟ್ಟುಕೊಡುತ್ತದೆ. ಆ ತುಂಡು ಮುಂದೆ ಇನ್ನೊಬ್ಬರಿಗೆ ಹೋಗುತ್ತದೆ. ಇದರಲ್ಲಿ ಮುಖ್ಯವಾಗಿ ಮೂರು ತಪ್ಪುಗಳು ಆಗುತ್ತವೆ.

ಒಂದು, ಬದು ದಾಟಿ ಉಳುವುದು. ಪಡೆದದ್ದು 64 ಸಾಲು, ಬಿತ್ತಿದ್ದು 65. ಕೊನೆಯ ಸಾಲು ಬಾಜೂದವರ ಹೊಲದಲ್ಲಿ.

ಎರಡು, ಲಾವಣಿ ಬಿಟ್ಟ ಹೊಲಕ್ಕೆ ಮತ್ತೆ ಹೋಗುವುದು. ಹೊಲ ಬಿಟ್ಟಾಯಿತು, ಬೇರೆಯವರು ಬಿತ್ತಿದ್ದಾರೆ. ಆದರೆ ಹಳೇ ಕಾಗದ ಇನ್ನೂ ಕೈಯಲ್ಲಿದೆ. ಅದನ್ನು ಹಿಡಿದು ಹೋಗಿ, ಅವರ ಬೆಳೆ ನೋಡಿ ನಮ್ಮದೇ ಅಂದುಕೊಳ್ಳುವುದು.

ಮೂರು, ಏನೂ ಬಿತ್ತದೆ ಕೊಯ್ಲಿಗೆ ಇಳಿಯುವುದು. ಹಿಂದಿನವರು ಬಿಟ್ಟುಹೋದ ಕುಳೆ ಕಬ್ಬನ್ನೇ ನಮ್ಮ ಬೆಳೆಯೆಂದು ಲೆಕ್ಕ ಬರೆಯುವುದು.

ಸಿ, ಸಿ++ ಭಾಷೆಗಳಲ್ಲಿ ಬರೆದ ಪ್ರೋಗ್ರಾಮುಗಳಲ್ಲಿ ಈ ತಪ್ಪುಗಳನ್ನು ತಡೆಯುವ ಕಾವಲುಗಾರ ತಾನಾಗಿ ಇರುವುದಿಲ್ಲ. ನಮ್ಮ ಡಿಬಗ್ಗರ್ ಬರೆದದ್ದು ಸಿ++ನಲ್ಲಿ. ನಮ್ಮದು ಎರಡನೇ ಜಾತಿಯ ತಪ್ಪು.

ಮರುದಿನ ಮುಂಜಾನೆ ಅವಳಿಗೆ ಫೋನ್ ಮಾಡಿ, ಏನೇನು ಒತ್ತುತ್ತಾಳೆ ಎಂದು ಒಂದೊಂದಾಗಿ ಹೇಳಿಸಿದೆ. ಗುಟ್ಟು ಅಲ್ಲಿತ್ತು. ನಾನು ಪ್ರೋಗ್ರಾಂ ತಿದ್ದಿದಾಗಲೆಲ್ಲ ಡಿಬಗ್ಗರನ್ನು ಮುಚ್ಚಿ ಹೊಸದಾಗಿ ತೆರೆಯುತ್ತಿದ್ದೆ. ಅದು ನನ್ನ ಹಳೇ ರೂಢಿ. ಅವಳು ಮುಚ್ಚುತ್ತಿರಲಿಲ್ಲ. ತಿದ್ದಿದ ಪ್ರೋಗ್ರಾಮನ್ನು ತೆರೆದಿದ್ದ ಡಿಬಗ್ಗರಿನಲ್ಲೇ ಮತ್ತೆ ತುಂಬಿಸುತ್ತಿದ್ದಳು. ಹಾಗೆ ಮಾಡಿದಾಗ ಡಿಬಗ್ಗರ್ ಹಳೆಯ ವಿವರಗಳ ತುಂಡನ್ನು ಬಿಟ್ಟುಕೊಟ್ಟು ಹೊಸದನ್ನು ಪಡೆಯುತ್ತದೆ. ಆದರೆ ಪರದೆಯ ಮೇಲೆ ಸಂಖ್ಯೆ ತೋರಿಸುವ ಭಾಗ ಹಳೇ ವಿಳಾಸವನ್ನೇ ಹಿಡಿದುಕೊಂಡಿತ್ತು. ಆ ಜಾಗಕ್ಕೆ ಈಗ ಬೇರೊಂದು ಸಂಖ್ಯೆಯ ವಿವರ ಬಂದಿತ್ತು. ಆ ಬೇರೆ ಸಂಖ್ಯೆಯೇ 8!

ಡಿಬಗ್ಗರ್ ಬಿದ್ದುಹೋಗಿದ್ದರೆ ಒಳ್ಳೆಯದಿತ್ತು, ಮೊದಲ ದಿನವೇ ಗೊತ್ತಾಗುತ್ತಿತ್ತು. ಬೀಳಲಿಲ್ಲ. ನಂಬುವಂಥ ಸುಳ್ಳು ಹೇಳಿತು.

ಹಿಡಿದದ್ದು ಹೇಗೆ

ಇಂಥ ತಪ್ಪು ಹಿಡಿಯಲು ಒಳ್ಳೆಯ ಸಾಧನಗಳಿವೆ. 2002ರಲ್ಲಿ ಬಂದ ವ್ಯಾಲ್‌ಗ್ರಿಂಡ್ ಒಂದು. ಅದು ಮೆಮೊರಿಯ ಬಳಕೆಯನ್ನೆಲ್ಲ ಕಣ್ಣಿಟ್ಟು ನೋಡುತ್ತದೆ. ಆದರೆ ಅದರಡಿ ಪ್ರೋಗ್ರಾಂ ಹತ್ತಿಪ್ಪತ್ತು ಪಟ್ಟು ನಿಧಾನವಾಗಿ ಓಡಬಹುದು. ಇನ್ನೊಂದು, ಗೂಗಲ್‌ನ ಎಂಜಿನಿಯರುಗಳು 2012ರಲ್ಲಿ ವಿವರಿಸಿದ ಅಡ್ರೆಸ್ ಸ್ಯಾನಿಟೈಜರ್. ಇದರಲ್ಲಿ ಓಟ ಸುಮಾರು ಎರಡು ಪಟ್ಟು ಮಾತ್ರ ನಿಧಾನ. ಹೊಲದ ಲೆಕ್ಕದಲ್ಲೇ ಹೇಳುವುದಾದರೆ, ಪ್ರತಿ ತುಂಡಿನ ಅಕ್ಕಪಕ್ಕ ಯಾರೂ ಕಾಲಿಡಬಾರದ ಒಂದು ಪಟ್ಟಿ ಬಿಡುತ್ತದೆ. ಬಿಟ್ಟುಕೊಟ್ಟ ತುಂಡನ್ನು ತಕ್ಷಣ ಇನ್ನೊಬ್ಬರಿಗೆ ಕೊಡದೆ ಕೆಲಕಾಲ ಬೀಳು ಬಿಡುತ್ತದೆ. ಪ್ರತಿ 8 ಬೈಟಿಗೆ 1 ಬೈಟಿನಂತೆ ಬೇರೆ ಕಡೆ ಉತಾರ ಬರೆದಿಡುತ್ತದೆ. ಯಾರಾದರೂ ಕಾಲಿಡುವ ಮೊದಲು ಉತಾರ ನೋಡುತ್ತದೆ. ಹಕ್ಕಿಲ್ಲವೆಂದರೆ ಅಲ್ಲೇ ಪ್ರೋಗ್ರಾಮನ್ನು ನಿಲ್ಲಿಸಿ ವರದಿ ಕೊಡುತ್ತದೆ.

ನಮ್ಮ ಡಿಬಗ್ಗರನ್ನು ಈ ಕಾವಲಿನೊಂದಿಗೆ ಮತ್ತೆ ಕಟ್ಟಿ, ಅವಳು ಹೇಳಿದಂತೆಯೇ ಒತ್ತುತ್ತ ಹೋದೆ. ಮೊದಲ ಸಲಕ್ಕೇ ಸಿಕ್ಕಿತು. ವರದಿಯಲ್ಲಿ ಮೂರು ಭಾಗ: ಹಕ್ಕಿಲ್ಲದ ಜಾಗಕ್ಕೆ ಹೋದದ್ದು ಇಲ್ಲಿ, ಆ ಜಾಗವನ್ನು ಬಿಟ್ಟುಕೊಟ್ಟದ್ದು ಇಲ್ಲಿ, ಮೊದಲು ಪಡೆದದ್ದು ಇಲ್ಲಿ. ಮೂರಕ್ಕೂ ಸಾಲಿನ ನಂಬರು ಸಮೇತ. ಎರಡು ವರ್ಷದ ಹಿಂದೆ ಆ ಸಾಲುಗಳನ್ನು ಬರೆದವನು ನಾನೇ.

ಅವಸರದಲ್ಲಿ ಮೊದಲು ಮಾಡಿದ ರಿಪೇರಿ ತಪ್ಪಾಯಿತು. ಬಿಟ್ಟುಕೊಟ್ಟ ಕೂಡಲೇ ವಿಳಾಸವನ್ನು ಅಳಿಸುವಂತೆ ಒಂದು ಸಾಲು ಸೇರಿಸಿದೆ. ಆದರೆ ಆ ವಿಳಾಸದ ಇನ್ನೊಂದು ನಕಲು ಬೇರೆ ಕಡೆ ಉಳಿದಿತ್ತು. ಹಳೇ ಕಾಗದ ಹರಿದು ಹಾಕಿದೆ, ಜೆರಾಕ್ಸ್ ಪ್ರತಿ ಪೆಟ್ಟಿಗೆಯಲ್ಲೇ ಇತ್ತು! ಕೊನೆಗೆ ಪದ್ಧತಿಯನ್ನೇ ಬದಲಿಸಿದೆ. ವಿಳಾಸ ಇಟ್ಟುಕೊಳ್ಳುವುದೇ ಬೇಡ, ಹೆಸರು ಮಾತ್ರ ಇಟ್ಟುಕೊಂಡು ಪ್ರತಿ ಸಲ ಹೊಸ ಉತಾರದಲ್ಲಿ ಹುಡುಕಿ ನೋಡಬೇಕು.

ರಿಪೇರಿಗಿಂತ ಮುಖ್ಯವಾದದ್ದು ಪರೀಕ್ಷೆ. ಅವಳು ಮಾಡುತ್ತಿದ್ದ ಕ್ರಮವನ್ನೇ ಕಂಪ್ಯೂಟರ್ ತಾನಾಗಿ ಮಾಡುವಂತೆ ಬರೆದೆವು: ಪ್ರೋಗ್ರಾಂ ತುಂಬಿಸು, ಸಂಖ್ಯೆ ನೋಡು, ಪ್ರೋಗ್ರಾಂ ಬದಲಿಸು, ಮುಚ್ಚದೆ ಮತ್ತೆ ತುಂಬಿಸು, ಸಂಖ್ಯೆ ಸರಿಯೇ ನೋಡು. ಈ ಪರೀಕ್ಷೆಯನ್ನು ಮೊದಲು ರಿಪೇರಿಯಾಗದ ಹಳೇ ಡಿಬಗ್ಗರಿನ ಮೇಲೆ ಓಡಿಸಿದೆವು. ಅಲ್ಲಿ ಅದು ಫೇಲಾಗಲೇಬೇಕು. ತಪ್ಪಿರುವಲ್ಲೂ ಪಾಸಾಗುವ ಪರೀಕ್ಷೆ ನಮ್ಮ ಹರಿದ ಟೇಪಿದ್ದಂತೆ. ಹಳೆಯದರಲ್ಲಿ ಫೇಲಾಯಿತು, ಹೊಸದರಲ್ಲಿ ಪಾಸಾಯಿತು. ಆಮೇಲಷ್ಟೇ ನಂಬಿದೆವು.

ದೊಡ್ಡ ಸಾಧನಗಳವರೂ ಹೀಗೇ ಮಾಡುತ್ತಾರೆ. ಜಿಡಿಬಿಯ ಪರೀಕ್ಷೆಗಳಲ್ಲಿ ಜಿಡಿಬಿಯ ಒಳಗೆ ಜಿಡಿಬಿಯನ್ನೇ ಓಡಿಸಿ ನೋಡುವ ಪರೀಕ್ಷೆಯೂ ಒಂದಿದೆ.

ಮೂರು ಅಕ್ಷರ, ಹದಿನೈದು ಬೈಟ್

ಕಾವಲು ಹಾಕಿದ್ದೇ ಆಯಿತೆಂದು ಉಳಿದ ಎಲ್ಲ ಪರೀಕ್ಷೆಗಳನ್ನೂ ಅದರಡಿ ಓಡಿಸಿದೆ. ಊರಿನ ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಒಂದು ಹೊಸ ತಪ್ಪು ಕಂಡಿತು. ಬೆಂಗಳೂರಿನವರ ಯಾರ ಕಂಪ್ಯೂಟರಿನಲ್ಲೂ ಅದಿಲ್ಲ. ಅರ್ಧ ದಿನ ತಲೆ ಕೆರೆದುಕೊಂಡೆ. ಕಾರಣ, ನನ್ನ ಫೋಲ್ಡರಿನ ಹೆಸರು ಕನ್ನಡದಲ್ಲಿ 'ಜುಗೂಳ' ಅಂತ ಇತ್ತು.

ಕಣ್ಣಿಗೆ ಮೂರೇ ಅಕ್ಷರ. ಕಂಪ್ಯೂಟರಿಗೆ ಅದು ಜ, ಉಕಾರ, ಗ, ಊಕಾರ, ಳ, ಒಟ್ಟು ಐದು ಸಂಕೇತ. ಇವತ್ತು ಎಲ್ಲೆಡೆ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್ ಜಾಗ ಬೇಕು. ಅಲ್ಲಿಗೆ 15 ಬೈಟ್. ಅದೇ ಹೆಸರನ್ನು ಐದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ 5 ಬೈಟ್ ಸಾಕು. ನಮ್ಮ ಡಿಬಗ್ಗರ್ ಫೈಲಿನ ದಾರಿ ಬರೆದಿಡಲು 64 ಬೈಟಿನ ತುಂಡು ಪಡೆದು, ಬೈಟ್ ಎಣಿಸುವ ಬದಲು ಸಂಕೇತಗಳನ್ನು ಎಣಿಸುತ್ತಿತ್ತು. ಇಂಗ್ಲಿಷ್ ಹೆಸರಿದ್ದಾಗ ಎರಡೂ ಒಂದೇ. ಕನ್ನಡ ಹೆಸರು ಬಂದ ಕೂಡಲೇ ಬದು ದಾಟುತ್ತಿತ್ತು.

ನಮ್ಮ ಭಾಷೆಯಲ್ಲಿ ಫೋಲ್ಡರಿಗೆ ಹೆಸರಿಟ್ಟದ್ದಕ್ಕೆ ಒಂದು ತಪ್ಪು ಸಿಕ್ಕಿತು. ಈಗ ನಮ್ಮ ಪರೀಕ್ಷೆಗಳಲ್ಲಿ ಒಂದು ಫೋಲ್ಡರಿನ ಹೆಸರು ಕಾಯಂ ಆಗಿ ಜುಗೂಳ. ಪ್ರತಿ ರಾತ್ರಿ ಅದರ ಮೂಲಕ ಪರೀಕ್ಷೆ ಓಡುತ್ತದೆ.

ಕಾವಲುಗಾರನೇ ಬಿದ್ದಾಗ

ಇದು ನಮ್ಮ ಸಣ್ಣ ಆಫೀಸಿನ ಕಥೆ ಮಾತ್ರ ಅಂದುಕೊಳ್ಳಬೇಡಿ. 2024ರ ಜುಲೈ 19ರಂದು ಜಗತ್ತಿನ ಅನೇಕ ಕಡೆ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತುಹೋದದ್ದು ನೆನಪಿರಬಹುದು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ಕಾರಣ ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯ ಭದ್ರತಾ ಸಾಫ್ಟ್‌ವೇರು. ಕಂಪ್ಯೂಟರನ್ನು ಕಾಯಬೇಕಾದ ಆ ಕಾವಲುಗಾರ 20 ಮನೆಗಳ ಪಟ್ಟಿಯಲ್ಲಿ 21ನೇ ಮನೆಯನ್ನು ಹುಡುಕಲು ಹೋಗಿತ್ತು. ಬದು ದಾಟಿದ್ದು ಒಂದೇ ಹೆಜ್ಜೆ. ಸುಮಾರು 85 ಲಕ್ಷ ಕಂಪ್ಯೂಟರುಗಳಿಗೆ ತೊಂದರೆಯಾಯಿತೆಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು.

2014ರಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ಕೂಡ ಇದೇ ಜಾತಿ. ವೆಬ್‌ಸೈಟುಗಳ ಗುಟ್ಟು ಕಾಪಾಡಬೇಕಾದ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶವೇ, ಕೇಳಿದವರಿಗೆ ಬಾಜೂ ಹೊಲದ ಮಾಹಿತಿಯನ್ನೂ ಒಂದು ಸಲಕ್ಕೆ 64 ಕಿಲೋಬೈಟಿನವರೆಗೆ ಕೊಟ್ಟುಬಿಡುತ್ತಿತ್ತು. ತಾನು ಪ್ರತಿ ವರ್ಷ ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು ನೂರಕ್ಕೆ 70 ಮೆಮೊರಿಯವೇ ಎಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತು. ಅದಕ್ಕೇ ಈಗ ಹಲವರು ರಸ್ಟ್‌ನಂಥ ಭಾಷೆಗಳ ಕಡೆ ಹೊರಳುತ್ತಿದ್ದಾರೆ. ಅಲ್ಲಿ ಯಾವ ತುಂಡು ಯಾರದು ಎಂಬ ಲೆಕ್ಕವನ್ನು ಪ್ರೋಗ್ರಾಂ ಓಡುವ ಮೊದಲೇ ಪರಿಶೀಲಿಸಲಾಗುತ್ತದೆ.

ಮನೆಯಲ್ಲಿರುವ ನಮಗೆ ಇದರಿಂದ ಏನಾಗಬೇಕು? ಫೋನಿನಲ್ಲಿ "ಅಪ್‌ಡೇಟ್ ಬಂದಿದೆ" ಎಂದಾಗ "ನಾಳೆ ನೋಡಿದರಾಯಿತು" ಎಂದು ತಳ್ಳುತ್ತೇವಲ್ಲ, ಆ ಅಪ್‌ಡೇಟಿನಲ್ಲಿ ಬಹಳ ಸಲ ಇರುವುದು ಇಂಥ ಬದುಗಳ ರಿಪೇರಿ. ತಳ್ಳಬೇಡಿ.

ಎಲ್ಲರ ಮುಂದೆ

ಮುಂದಿನ ವಾರ ಅದೇ ಮೀಟಿಂಗು, ಹೆಚ್ಚುಕಡಿಮೆ ಅದೇ ಮಂದಿ. ನಾನು ಊರಿಂದಲೇ ಮಾತಾಡಿದೆ. ಮಳೆಗೆ ನೆಟ್‌ವರ್ಕ್ ಎರಡು ಸಲ ಕಡಿಯಿತು. ಎರಡು ಸಲವೂ ಮತ್ತೆ ಸೇರಿ ಬಿಟ್ಟಲ್ಲಿಂದಲೇ ಹೇಳಿದೆ: ಡಿಬಗ್ಗರ್ ತಪ್ಪಿತ್ತು, ಆ ಸಾಲುಗಳನ್ನು ಬರೆದವನು ನಾನು, ಮೂರು ಸಲ ಹೇಳಿದರೂ ಕೇಳದವನೂ ನಾನು. ಅವಳ ಮೊದಲ ಲೆಕ್ಕ ಸರಿಯಾಗಿತ್ತು. ಮೋಟರು ಸುಟ್ಟದ್ದಕ್ಕೆ ಕಾರಣ ನಮ್ಮ ಸಾಧನ. ಇಷ್ಟನ್ನೂ ಬರೆದು ಅವಳ ಮೇಲಿನವರಿಗೂ ಕಳಿಸಿದೆ. ಹತ್ತು ದಿನದಲ್ಲಿ ಅವಳ ಪತ್ರ ಬಂತು.

ಅವಳು ನನಗೆ ಬರೆದದ್ದು ಇಷ್ಟೇ: "ಥ್ಯಾಂಕ್ಸ್ ಸರ್. ಆದ್ರೆ ಎರಡನೇ ಮೇಲ್‌ಗೇ ನೋಡಿದ್ರೆ ಚೆನ್ನಾಗಿತ್ತು." ಸರಿಯಾದ ಮಾತು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅವ್ವನಿಗೆ ಎಲ್ಲಾ ಹೇಳಿದೆ. ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಂಡಳು.

"ತಪ್ಪ ನಂದು ಅಂತ ಆ ಹುಡುಗಿಗೆ ಹೇಳಿದಿಲ್ಲೋ?"

"ಹೇಳೇನವ್ವ."

"ಎಲ್ಲಾರ ಮುಂದ ಬೈದಿದ್ದಿ ಅಂದಿ. ಹೇಳಿದ್ದೂ ಎಲ್ಲಾರ ಮುಂದನ?"

"ಎಲ್ಲಾರ ಮುಂದನ."

"ಹಂಗಾರ ಉಣ್ಣು" ಅಂದು ಬಿಸಿ ರೊಟ್ಟಿ ತಾಟಿಗೆ ಹಾಕಿದಳು. ಅಪ್ಪ ಏನೂ ಅನ್ನಲಿಲ್ಲ. ಅವನ ಹಿಂದಿನ ಗೋಡೆಯ ಮೊಳೆಗೆ ಆ ಹಳೇ ಟೇಪು ಇವತ್ತಿಗೂ ನೇತಾಡುತ್ತಿದೆ. ಕೊಂಡಿಯ ಹತ್ತಿರ ಅಪ್ಪ ಕೆಂಪು ಬಣ್ಣದಲ್ಲಿ ಬರೆದಿದ್ದಾನೆ: "1 ಫೂಟ ಕಮ್ಮಿ ಐತಿ."